ಕಾರ್ಖಾನೆ ಎಂಬ ಕೆಲಸದ ಮನೆ

ನಜರ್‌ಬಾದಿನಲ್ಲಿ ಈಗ ಕೋಟೆಯಿಲ್ಲ. 1787ರ ಸುಮಾರಿಗೆ ಟಿಪ್ಪು ಸುಲ್ತಾನ್ ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಪಕ್ಕದ ಎತ್ತರದ ನೆಲಕ್ಕೆ ಸಾಗಿಸಿ, ಅಲ್ಲಿ ನಜರ್‌ಬಾದ್ ಎಂಬ ಹೊಸ ಕೋಟೆ ಕಟ್ಟಿಸತೊಡಗಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವೇ ಕಲ್ಲುಗಳನ್ನು ಮರಳಿ ಹೊತ್ತು ತಂದು ಮೈಸೂರಿನ ಕೋಟೆ ಕಟ್ಟಿದರು. 1800ರಲ್ಲಿ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕನನ್ ಇದನ್ನು ಬರೆದಿಟ್ಟಿದ್ದಾನೆ. ಕಲ್ಲು ಹೋಯಿತು, ಹೆಸರು ನಿಂತಿತು. ಇಂದಿಗೂ ಅದು ನಜರ್‌ಬಾದ್ ಮೊಹಲ್ಲಾ.

ಟಿಪ್ಪುವಿನ ಆಳ್ವಿಕೆಯ ಆಡಳಿತ ಭಾಷೆ ಪಾರಸಿ. ಅದರಿಂದ ಉಳಿದ ಪದಗಳಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ‘ಕಾರ್ಖಾನೆ’. ಕಾರ್ ಎಂದರೆ ಕೆಲಸ, ಖಾನ ಎಂದರೆ ಮನೆ. ಖಾನೆಯನ್ನು ಕನ್ನಡ ಬೇಗ ತನ್ನದಾಗಿಸಿಕೊಂಡಿತು: ದವಾಖಾನೆ, ಛಾಪಖಾನೆ, ಬಂದೀಖಾನೆ, ಮದ್ದಿನಖಾನೆ. ಇನ್ನು ಕಾರ್ ನಮಗೆ ಹೊರಗಿನದೇನಲ್ಲ. ಅದು ಸಂಸ್ಕೃತದ ‘ಕೃ’ ಧಾತುವಿನ ದಾಯಾದಿ. ಕಾರ್ಯ, ಕರ್ಮ ಎರಡೂ ಆ ಧಾತುವಿನವೇ. ಕುಂಭಕಾರ ಕುಂಬಾರನಾದದ್ದೂ ಅಲ್ಲಿಂದಲೇ. ‘ಕೈಗಾರಿಕೆ’ಯ ನಡುವಿನ ‘ಗಾರ’ವೂ ‘ಕಾರ’ದಿಂದ ಬಂದದ್ದೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹಾಗಾಗಿ ಕಾರ್ಖಾನೆ ಎಂಬ ನೆಂಟ ಬಂದಿಳಿದಾಗ ಮನೆಯಲ್ಲಿ ಅವನ ಬಳಗ ಆಗಲೇ ಇತ್ತು.

ಆದರೆ ಮೊದಲ ಕಾರ್ಖಾನೆಗೆ ಹೊಗೆಕೊಳವೆ ಇರಲಿಲ್ಲ. ಮೊಗಲರಲ್ಲಿ ಅದು ಬಾದಶಹನ ಮನೆವಾರ್ತೆಯ ಒಂದು ವಿಭಾಗ. ಉಡುಪಿನದೊಂದು, ಅಡುಗೆಯದೊಂದು, ಆನೆಗಳದೊಂದು. ದೆಹಲಿಯಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೆ 17ನೆಯ ಶತಮಾನದಲ್ಲಿ ಕಂಡ ಕಾರ್ಖಾನೆಗಳು ಕಸೂತಿಯವರು, ಅಕ್ಕಸಾಲಿಗರು, ಚಿತ್ರಗಾರರು ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಅರಮನೆಯ ಹಜಾರಗಳು. ಶಿವಾಜಿಯ ಆಡಳಿತದಲ್ಲಿ ಹದಿನೆಂಟು ಕಾರ್ಖಾನೆಗಳಿದ್ದವು. ಅವುಗಳ ಲೆಕ್ಕ ಹಿಡಿದ ಅಧಿಕಾರಿ ಕಾರಖಾನೀಸ, ಇವತ್ತು ಅದೊಂದು ಮನೆತನದ ಹೆಸರು. ಇಂಗ್ಲಿಷಿನ ‘ಫ್ಯಾಕ್ಟರಿ’ಯ ಕಥೆಯೂ ಬೇರೆಯಲ್ಲ. ಈಸ್ಟ್ ಇಂಡಿಯಾ ಕಂಪನಿ ಸೂರತ್ತಿನಲ್ಲಿ ತೆರೆದ ಫ್ಯಾಕ್ಟರಿಯಲ್ಲಿ ತಯಾರಾದದ್ದು ಏನೂ ಇಲ್ಲ, ಅದು ದಲ್ಲಾಳಿಗಳ ಕೋಠಿ. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಆ ಮಾತನ್ನು ಓದುವ ಮಕ್ಕಳಿಗೆ ಇಷ್ಟನ್ನಾದರೂ ಹೇಳಿಕೊಡಬೇಕು.

ಕಾರ್ಖಾನೆಯನ್ನು ಅರಮನೆಯ ಬೇಡಿಕೆಯಿಂದ ಆಚೆಗೆ ಕೊಂಡೊಯ್ಯುವ ಪ್ರಯತ್ನ ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದ್ದು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ — ಈ ನಾಲ್ಕು ಕಡೆ ಸರಕಾರಿ ಕಾರ್ಖಾನೆಗಳು ನಡೆದವು. ಮುಖ್ಯವಾಗಿ ತಯಾರಾದದ್ದು ಬಂದೂಕು, ತೋಪು. ಊರ ಕಮ್ಮಾರರ ಜೊತೆ ಫ್ರೆಂಚ್ ಕುಶಲಕರ್ಮಿಗಳೂ ಇದ್ದರು. ಇದರ ಕಾರಣ ಸರಳ, ಕಠಿಣ: ಯುದ್ಧ. ಕಂಪನಿಯ ಸೈನ್ಯದ ಎದುರು ನಿಲ್ಲಬೇಕಾದವನಿಗೆ ಆಯುಧವನ್ನು ಪರರಿಂದ ಕೊಳ್ಳುತ್ತ ಕೂರಲಾಗದು. 1799ರ ಮೇಲೆ ಆ ಕಾರಣವೇ ಇಲ್ಲವಾಯಿತು, ಕಾರ್ಖಾನೆಗಳೂ ಇಲ್ಲವಾದವು. ಮುಂದೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ ಬಂದಿತು, ಇದ್ದಿಲು ದುಬಾರಿಯಾಯಿತು, ಹಳ್ಳಿಯ ಕುಲುಮೆಗಳು ಒಂದೊಂದಾಗಿ ತಣ್ಣಗಾದವು. ಮಗ್ಗದವರಿಗೆ ಲ್ಯಾಂಕಶೈರಿನ ಬಟ್ಟೆ ಎದುರಾಯಿತು. ನಮ್ಮಲ್ಲಿ ಕೈಗಾರಿಕೆ ಹುಟ್ಟುವ ಮೊದಲೇ ಒಂದು ಕೈಗಾರಿಕೆ ಸತ್ತಿತ್ತು ಎಂಬುದನ್ನು ಮರೆತು ಬರೆದ ಚರಿತ್ರೆ ಅರ್ಧ ಚರಿತ್ರೆ.

ಪದ ಮಾತ್ರ ಸಾಯಲಿಲ್ಲ. 1884ರಲ್ಲಿ ಬೆಂಗಳೂರಿನಲ್ಲಿ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿ ಆರಂಭವಾಯಿತು, ಜನ ಅದನ್ನು ಬಿನ್ನಿ ಮಿಲ್ ಎಂದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ಕ್ಕೆ ಬೆಂಗಳೂರು, 1908ಕ್ಕೆ ಮೈಸೂರು ಬೆಳಗಿದವು. 1912ರಲ್ಲಿ ಮೈಸೂರಿನ ಸರಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ವಿಟ್ಜರ್‌ಲೆಂಡಿನಿಂದ ತರಿಸಿದ 32 ಮಗ್ಗಗಳೊಂದಿಗೆ ಶುರುವಾಯಿತು. ಮೊದಲ ಗಿರಾಕಿ ಯಾರು? ಅರಮನೆ! ಯಂತ್ರ ಹೊಸದು, ಆದರೆ ಪದ ತನ್ನ ಹುಟ್ಟುಮನೆಯ ಬಾಗಿಲಿಗೇ ಬಂದು ನಿಂತಿತ್ತು. ಶ್ರೀಗಂಧದೆಣ್ಣೆಯ ಕಾರ್ಖಾನೆಗೆ ಮತ್ತೆ ಯುದ್ಧವೇ ಕಾರಣ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರ ಹಡಗು ಹತ್ತಲಾಗದೆ ರಾಶಿ ಬಿದ್ದಾಗ ಎಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸಲು 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ತೊಡಗಿದರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳವು.

ಮನೆ ಬದಲಾದಂತೆ ಒಳಗಿನವರ ಹೆಸರೂ ಬದಲಾಯಿತು. ನನಗೆ ಮುಖ್ಯವಾಗಿ ಕಾಣುವುದು ಇದೇ. ಹಳೆಯ ಕಾರ್ಖಾನೆಯಲ್ಲಿದ್ದವನು ಕಮ್ಮಾರ, ನೇಕಾರ, ಬಡಗಿ. ಅವನ ಹೆಸರಿನಲ್ಲೇ ಅವನ ಕಸುಬು, ಕಸುಬಿನೊಳಗೆ ಅವನ ಜಾತಿ. ಮಿಲ್ಲಿನ ಗೇಟು ದಾಟಿದವನಿಗೆ ಆ ಹೆಸರುಗಳೆಲ್ಲ ಕಳಚಿ ‘ಕೂಲಿಯವನು’ ಎಂಬುದೊಂದೇ ಉಳಿಯಿತು. ಕೂಲಿ ಎಂದರೆ ದುಡಿಮೆಗೆ ಸಿಕ್ಕುವ ಹಣ. ದ್ರಾವಿಡ ಭಾಷೆಗಳ ಆ ಹಳೆಯ ಪದ, ದುಡಿಯುವವನನ್ನೇ ಅವನ ಸಂಬಳದ ಹೆಸರಿನಿಂದ ಕರೆಯುವಂತಾಗಿ, ಕಬ್ಬಿನ ತೋಟಗಳಿಗೆ ಹೊರಟ ಹಡಗುಗಳೊಂದಿಗೆ ಲೋಕವನ್ನೆಲ್ಲ ಸುತ್ತಿ ಬೈಗುಳವಾಯಿತು. ‘ಕಾರ್ಮಿಕ’ ಎಂಬ ಮರ್ಯಾದೆಯ ಮಾತು ಬಳಕೆಗೆ ಬಂದದ್ದು ಸಂಘಗಳು, ಮುಷ್ಕರಗಳು ಬಂದ ಮೇಲೆ. ಕಾರ್ಖಾನೆಯ ಕಾರ್, ಕಾರ್ಮಿಕನ ಕರ್ಮ ಒಂದೇ ಬೇರಿನವು. ಆದರೂ ಮನೆಗೆ ಹೆಸರು ಮೊದಲೇ ಸಿಕ್ಕಿತು, ಮನೆಯೊಳಗೆ ದುಡಿಯುವವನಿಗೆ ಬಹಳ ತಡವಾಗಿ.

ಹೊತ್ತಿನ ಮಾತೂ ಬದಲಾಯಿತು. ‘ಹೊತ್ತು ಮುಳುಗುವ ತನಕ’ ದುಡಿಯುತ್ತಿದ್ದ ಊರಿಗೆ ವಿದ್ಯುದ್ದೀಪ ಬಂದಾಗ ಹೊತ್ತು ಮುಳುಗುವುದೇ ನಿಂತಿತು. ದೇವಸ್ಥಾನದ ಅರ್ಚಕರು ಸರದಿಗೆ ಬಳಸುತ್ತಿದ್ದ ‘ಪಾಳಿ’ ರಾತ್ರಿ ಪಾಳಿಯಾಯಿತು. ಮೇಸ್ತ್ರಿ ತನ್ನ ಊರಿನವರನ್ನು, ತನ್ನ ಜನವನ್ನು ಕರೆತಂದು ಸೇರಿಸುತ್ತಿದ್ದುದರಿಂದ ಗೇಟಿನೊಳಗೆ ಜಾತಿ ಅಳಿಯಲಿಲ್ಲ, ನಿಜ. ಆದರೂ ಬೇರೆ ಬೇರೆ ಕೇರಿಯವರು ಒಂದೇ ಸೈರನ್ನಿಗೆ ಓಡಿಬಂದು ಒಂದೇ ಯಂತ್ರದ ಎರಡು ಬದಿಗೆ ನಿಲ್ಲುವಂತಾದದ್ದು ಸಣ್ಣ ಸಂಗತಿಯಲ್ಲ.

ಕಾರ್ಖಾನೆ ಎಂದರೇನು ಎಂಬುದನ್ನು ಕೊನೆಗೆ ನಿರ್ಧರಿಸಿದ್ದು ಕಾಯಿದೆ. ಬ್ರಿಟಿಷ್ ಇಂಡಿಯಾದ 1881ರ ಮೊದಲ ಕಾಯಿದೆ ನೂರು ಜನರಿದ್ದು ಯಂತ್ರಶಕ್ತಿ ಬಳಸುವ ಜಾಗಗಳನ್ನಷ್ಟೇ ಹಿಡಿಯಿತು. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದಿತು. ಹಾಗೆ ಬರೆಯಬೇಕಾಯಿತು ಎಂದರೆ ಆ ಮಕ್ಕಳು ಅಲ್ಲಿ ದುಡಿಯುತ್ತಿದ್ದರು. 1948ರ ಕಾಯಿದೆಯ ಹೊತ್ತಿಗೆ ಈ ಸಂಖ್ಯೆ ಯಂತ್ರಶಕ್ತಿ ಇದ್ದರೆ ಹತ್ತಕ್ಕೆ, ಇಲ್ಲದಿದ್ದರೆ ಇಪ್ಪತ್ತಕ್ಕೆ ಇಳಿದಿತ್ತು.

ಹತ್ತಕ್ಕೂ ಕೆಳಗೆ ಇದ್ದವರು? ಮೈಸೂರಿನ ಹೆಸರನ್ನು ಲೋಕಕ್ಕೆಲ್ಲ ಒಯ್ದ ಅಗರಬತ್ತಿಯನ್ನು ಹೊಸೆದದ್ದು ಬಹುಪಾಲು ಹೆಂಗಸರು, ತಮ್ಮ ಮನೆಯ ಜಗಲಿಯಲ್ಲಿ, ಮಣೆಯ ಮುಂದೆ ಕುಳಿತು, ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಈಗ ಯಂತ್ರ ಬಂದು ಕೈಯಲ್ಲಿ ಹೊಸೆಯುವವರು ಕಡಿಮೆಯಾಗಿದ್ದಾರೆ. ಬೀಡಿ ಕಟ್ಟುವವರಿಗೆ 1966ರಲ್ಲಿ ಅವರದೇ ಒಂದು ಕಾಯಿದೆ ಬಂತು, ಮನೆಯಲ್ಲಿ ಕೂತು ಕಟ್ಟುವವರೂ ಅದರೊಳಗೆ ಬಂದರು. ಅಗರಬತ್ತಿಯವರಿಗೆ ಅಂಥದ್ದು ಬರಲಿಲ್ಲ. ಕೆಲಸದ ಮನೆ ಎಂಬ ಅರ್ಥಕ್ಕೆ ಆ ಜಗಲಿಗಿಂತ ಹತ್ತಿರವಾದ ಜಾಗ ನಮ್ಮೂರಿನಲ್ಲಿ ಇನ್ನೊಂದಿಲ್ಲ. ಅದನ್ನೂ ಕಾರ್ಖಾನೆ ಎಂದು ಬರೆಯಿರಿ, ಅಲ್ಲಿ ಕೂತವಳನ್ನು ಕಾರ್ಮಿಕಳೆಂದು ಎಣಿಸಿರಿ.