ಬೂಟಿನ ಕಾರ್ಖಾನೆಯ ಲೆಕ್ಕ

ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ಇಂದಿನ ಪೋಲೆಂಡಿನ ಕ್ರಾಕೋವ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ಓದಿ, ಲಂಡನ್ನಿಗೆ ವಲಸೆ ಬಂದಿದ್ದ ಅರ್ಥಶಾಸ್ತ್ರಜ್ಞ ಪಾಲ್ ರೋಸೆನ್‌ಸ್ಟೈನ್-ರೋಡಾನ್, ಯುದ್ಧ ಮುಗಿದ ಮೇಲೆ ಪೂರ್ವ ಯುರೋಪಿನ ಗತಿಯೇನು ಎಂದು ಆಗಲೇ ಯೋಚಿಸುತ್ತಿದ್ದರು. ಅಲ್ಲಿನ ಸುಮಾರು ಕಾಲು ಭಾಗ ಜನರಿಗೆ ಕೆಲಸವೇ ಇಲ್ಲ, ಇಲ್ಲವೇ ಕೈತುಂಬ ಕೆಲಸವಿಲ್ಲ ಎಂಬುದು ಅವರ ಅಂದಾಜು. ದುಡಿಯುವ ಕೈಗಳಿದ್ದವು, ಕೊಳ್ಳುವ ಆಸೆಯೂ ಇತ್ತು. ಆದರೂ ಕಾರ್ಖಾನೆಗಳು ಏಕೆ ಬರಲಿಲ್ಲ?

1943ರಲ್ಲಿ ‘ಎಕನಾಮಿಕ್ ಜರ್ನಲ್’ನ ಲೇಖನದಲ್ಲಿ ಅವರು ಇದಕ್ಕೆ ಬೂಟಿನ ಕಾರ್ಖಾನೆಯ ಉದಾಹರಣೆ ಕೊಟ್ಟರು. 20,000 ನಿರುದ್ಯೋಗಿಗಳನ್ನು ಹೊಲದಿಂದ ಕರೆತಂದು ಒಂದು ದೊಡ್ಡ ಬೂಟಿನ ಕಾರ್ಖಾನೆಗೆ ಸೇರಿಸಿದಿರಿ ಎನ್ನಿ. ಅವರು ಸಂಬಳವನ್ನೆಲ್ಲ ಬೂಟಿಗೇ ಸುರಿಯುವುದಿಲ್ಲ. ಊಟ, ಬಟ್ಟೆ ಬೇಕು. ಉಳಿದವರ ಕೈಯಲ್ಲಿ ಕಾಸಿಲ್ಲ. ಬೂಟು ಗೋದಾಮಿನಲ್ಲೇ ಉಳಿಯುತ್ತದೆ. ಅದರ ಬದಲು ಹತ್ತು ಲಕ್ಷ ಜನರನ್ನು ಬಗೆಬಗೆಯ ಕಾರ್ಖಾನೆಗಳಿಗೆ ಒಟ್ಟಿಗೇ ಸೇರಿಸಿದರೆ, ಬಟ್ಟೆ ನೇಯುವವನು ಬೂಟು ಕೊಳ್ಳುತ್ತಾನೆ, ಬೂಟು ಹೊಲಿಯುವವನು ಬಟ್ಟೆ ಕೊಳ್ಳುತ್ತಾನೆ.

ಒಂದೇ ನೆಲ, ಅದೇ ಜನ. ಆದರೆ ಫಲ ಎರಡು. ಬೇರೆಯವರು ಬಂಡವಾಳ ಹೂಡುವುದಿಲ್ಲ ಎಂದು ಪ್ರತಿಯೊಬ್ಬನೂ ನಂಬಿದರೆ ಯಾರೂ ಹೂಡುವುದಿಲ್ಲ, ನಂಬಿಕೆ ನಿಜವಾಗುತ್ತದೆ. ಹೂಡುತ್ತಾರೆ ಎಂದು ನಂಬಿದರೆ ಅದೂ ನಿಜವಾಗುತ್ತದೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಬಹು ಸಮತೋಲನ ಎನ್ನುತ್ತಾರೆ.

1989ರಲ್ಲಿ ಕೆವಿನ್ ಮರ್ಫಿ, ಆಂಡ್ರೇ ಶ್ಲೈಫರ್, ರಾಬರ್ಟ್ ವಿಷ್ನಿ ಇದನ್ನು ಗಣಿತದಲ್ಲಿ ಪರೀಕ್ಷಿಸಿದರು. ಬರೀ ನಂಬಿಕೆ ಸಾಲದು ಎಂದು ಗೊತ್ತಾಯಿತು. ಎರಡು ಫಲ ಹುಟ್ಟಬೇಕಾದರೆ ಅದಕ್ಕೆ ಗಟ್ಟಿ ಕಾರಣ ಬೇಕು: ಕಾರ್ಖಾನೆಯಲ್ಲಿ ಹೊಲಕ್ಕಿಂತ ಹೆಚ್ಚು ಕೂಲಿ, ಇಲ್ಲವೇ ಎಲ್ಲರೂ ಹಂಚಿಕೊಳ್ಳುವ ರೈಲುದಾರಿಯಂಥದ್ದು. ಸಾಕಷ್ಟು ಸರಕಿಲ್ಲದೆ ರೈಲಿಗೆ ಹಾಕಿದ ದುಡ್ಡು ಹುಟ್ಟದು, ರೈಲಿಲ್ಲದೆ ಸರಕು ಹೊರಡದು.

1991ರಲ್ಲಿ ಪಾಲ್ ಕ್ರುಗ್‌ಮನ್ ಮುಂದಿನ ಪ್ರಶ್ನೆ ಕೇಳಿದರು: ಎರಡರಲ್ಲಿ ಯಾವುದು ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಚರಿತ್ರೆಯೋ, ನಿರೀಕ್ಷೆಯೋ? ಜನ ಬೇಗ ಕೆಲಸ ಬದಲಿಸಬಲ್ಲರಾದರೆ, ನಾಳೆಯ ಲಾಭಕ್ಕೆ ಬೆಲೆ ಕೊಡುವರಾದರೆ ನಿರೀಕ್ಷೆಗೆ ಬಲ. ಬದಲಾವಣೆ ನಿಧಾನವಾದರೆ, ದುಬಾರಿಯಾದರೆ ಚರಿತ್ರೆಯದೇ ಮೇಲುಗೈ.

ಪೂರ್ವ ಯುರೋಪಿನಲ್ಲಿ ಕಾರ್ಖಾನೆಗಳು ಬಂದವು, ಆದರೆ ರೋಸೆನ್‌ಸ್ಟೈನ್-ರೋಡಾನ್ ಬಯಸಿದ ಹಾದಿಯಲ್ಲಲ್ಲ. ಹೊರಗಿನ ಬಂಡವಾಳ ಪಡೆದು ಜಗತ್ತಿನ ವ್ಯಾಪಾರದೊಡನೆ ಬೆಸೆದುಕೊಳ್ಳಬೇಕು ಎಂದು ಅವರು ವಾದಿಸಿದ್ದರು. ರಷ್ಯದ ಮಾದರಿ ಬೇಡವೆಂದಿದ್ದರು. ಯುದ್ಧದ ನಂತರ ಆ ದೇಶಗಳಲ್ಲಿ ಬಹುಪಾಲು ಸೋವಿಯತ್ ತೆಕ್ಕೆಗೆ ಬಿದ್ದವು. ಎಲ್ಲರೂ ಒಟ್ಟಿಗೆ ಹೆಜ್ಜೆ ಇಟ್ಟರು ನಿಜ. ಇಡಿಸಿದ್ದು ಪರಸ್ಪರ ನಂಬಿಕೆಯಲ್ಲ, ಸರ್ಕಾರದ ಅಪ್ಪಣೆ.

ಊರು ಬಿಟ್ಟ ನಮಗೆ ಈ ಲೆಕ್ಕ ಹೊಸದಲ್ಲ. ಕಂಪನಿ ಇಲ್ಲವೆಂದು ಓದಿದವರು ಹೊರಡುತ್ತೇವೆ. ಓದಿದವರಿಲ್ಲವೆಂದು ಕಂಪನಿ ಬರುವುದಿಲ್ಲ. “ನಮ್ಮೂರಲ್ಲಿ ಏನೂ ಆಗೋದಿಲ್ಲ ಬಿಡಿ” ಎಂದು ನಾವು ಹೇಳುವಾಗ ಇದ್ದದ್ದನ್ನು ಹೇಳುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಹಾಗೆ ಹೇಳುತ್ತಲೇ ಅದನ್ನು ನಿಜ ಮಾಡುತ್ತಲೂ ಇರಬಹುದು. ಹಾಗೆಂದು ನಾಳೆಯೇ ಗಂಟುಮೂಟೆ ಕಟ್ಟಲಾಗದು. ಮನೆಸಾಲ, ಮಕ್ಕಳ ಶಾಲೆ ಎಲ್ಲವೂ ಕ್ರುಗ್‌ಮನ್ ಹೇಳಿದ ದುಬಾರಿ ಬದಲಾವಣೆಯ ಬಾಬತ್ತೇ. ಒಬ್ಬರೇ ವಾಪಸು ಹೋಗುವುದು 20,000 ಜನರ ಬೂಟಿನ ಕಾರ್ಖಾನೆಯ ಹಾಗೆ. ಜೊತೆಗೆ ಇನ್ನಾರು ಬರುತ್ತಾರೆ ಎಂದು ಮೊದಲು ಕೇಳಿಕೊಳ್ಳಬೇಕು.