ಕುದುರೆ, ಕತ್ತೆ ಮತ್ತು ಕಲ್ಲಿನ ಮನೆ

ಫ್ರಾನ್ಸಿನ ಹಳ್ಳಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ದ್ರಾಕ್ಷಿತೋಟ, ಲ್ಯಾವೆಂಡರ್ ಹೊಲ, ಹಳೆಯ ಕಲ್ಲಿನ ಮನೆ, ಎಲ್ಲಕ್ಕಿಂತ ಹೆಚ್ಚಾಗಿ ಒಂದು ನಿಶ್ಶಬ್ದ. ಈ ಚಿತ್ರವನ್ನು ಜಗತ್ತಿಗೆ ಹಂಚಿದವರಲ್ಲಿ ಅಲ್ಲಿಗೆ ಹೊರಗಿನಿಂದ ಹೋದ ಲೇಖಕರ ಪಾಲು ದೊಡ್ಡದು. ಅಂಥ ಮೂವರು ಬ್ರಿಟಿಷರ ಪ್ರವಾಸ ಬರಹಗಳನ್ನು ಒಟ್ಟಿಗಿಟ್ಟು ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಆ ನಿಶ್ಶಬ್ದ ಎಲ್ಲಿಂದ ಬಂತು?

ಮೊದಲನೆಯವನು ಆರ್ಥರ್ ಯಂಗ್, ಕೃಷಿಯ ಬಗ್ಗೆ ಬರೆಯುತ್ತಿದ್ದ ಇಂಗ್ಲಿಷಿನವನು. 1787ರಿಂದ 1790ರ ನಡುವೆ ಮೂರು ಸಲ ಫ್ರಾನ್ಸ್ ಸುತ್ತಿದ. 1789ರ ಜುಲೈ 12ರಂದು ಈಶಾನ್ಯ ಫ್ರಾನ್ಸಿನ ದಾರಿಯೊಂದರಲ್ಲಿ, ಕುದುರೆಗೆ ದಣಿವಾಗದಿರಲೆಂದು ಇಳಿದು ಗುಡ್ಡ ಹತ್ತುತ್ತಿದ್ದಾಗ ಬಡ ಹೆಂಗಸೊಬ್ಬಳು ಜೊತೆಯಾದಳು. ನೋಡಿದರೆ ಅರವತ್ತು ಎಪ್ಪತ್ತರ ಮುದುಕಿ. ಆಕೆ ಹೇಳಿಕೊಂಡ ವಯಸ್ಸು 28. ಏಳು ಮಕ್ಕಳು, ತುಂಡು ಭೂಮಿ, ಒಂದು ಹಸು, ಒಂದು ಬಡಕಲು ಕುದುರೆ. ಒಬ್ಬ ಧಣಿಗೆ ಗೋಧಿ ಮತ್ತು ಮೂರು ಕೋಳಿ, ಇನ್ನೊಬ್ಬನಿಗೆ ಓಟ್ಸ್, ಒಂದು ಕೋಳಿ ಮತ್ತು ಒಂದು ನಾಣ್ಯ ಸಲ್ಲಬೇಕು. ಅದರ ಮೇಲೆ ರಾಜನ ತೆರಿಗೆ. ದೊಡ್ಡವರು ಯಾರೋ ಬಡವರಿಗೆ ಏನೋ ಮಾಡುತ್ತಾರಂತೆ ಎಂಬ ಸುದ್ದಿ ಆಕೆಗೂ ಮುಟ್ಟಿತ್ತು. ಎರಡು ದಿನಗಳಲ್ಲಿ ಬ್ಯಾಸ್ಟೀಲ್ ಬಿತ್ತು. ಯಂಗ್ ಕಂಡ ಹಳ್ಳಿಯಲ್ಲಿ ಬಡತನವಿತ್ತು, ಆದರೆ ಜನರೂ ತುಂಬಿದ್ದರು.

ಎರಡನೆಯವನು ಸ್ಕಾಟ್ಲೆಂಡಿನ ರಾಬರ್ಟ್ ಲೂಯಿ ಸ್ಟೀವನ್ಸನ್. 1878ರ ಸೆಪ್ಟೆಂಬರಿನಲ್ಲಿ ಮೊಡೆಸ್ಟೀನ್ ಎಂಬ ಕತ್ತೆಯನ್ನು 65 ಫ್ರಾಂಕ್ ಮತ್ತು ಒಂದು ಗ್ಲಾಸ್ ಬ್ರಾಂದಿಗೆ ಕೊಂಡು, ದಕ್ಷಿಣದ ಸೆವೆನ್ ಬೆಟ್ಟಗಳಲ್ಲಿ ಹನ್ನೆರಡು ದಿನ ನಡೆದ. ಯಂಗ್ ಬೆಳೆ, ಕೂಲಿಗಳ ಲೆಕ್ಕ ಬರೆದುಕೊಂಡರೆ ಸ್ಟೀವನ್ಸನ್ ಬಯಲಲ್ಲಿ ಮಲಗಿ ನಕ್ಷತ್ರ ನೋಡಿದ. ಆದರೆ ಆ ಬೆಟ್ಟಗಳು ಆಗಲೇ ಬರಿದಾಗತೊಡಗಿದ್ದವು. ರೇಷ್ಮೆಯೇ ಜೀವನವಾಗಿದ್ದ ಸೆವೆನ್ನಿನಲ್ಲಿ ಹುಳುವಿಗೆ ರೋಗ ಬಿದ್ದು, ಅದರ ಮೂಲ ಹುಡುಕಲು ಲೂಯಿ ಪಾಶ್ಚರ್ 1865ರಲ್ಲೇ ಅಲೆಸ್ ಪಟ್ಟಣಕ್ಕೆ ಬಂದಿದ್ದ. ದ್ರಾಕ್ಷಿ ಬೇರನ್ನು ಫಿಲಾಕ್ಸೆರಾ ಕೀಟ ತಿನ್ನುತ್ತಿತ್ತು. ಜನ ಗಣಿಗಳಿಗೆ, ನಗರಗಳಿಗೆ ಇಳಿದರು. ಸ್ಟೀವನ್ಸನ್ ಹಾದುಹೋದ ಲೊಜೇರ್ ಜಿಲ್ಲೆಯಲ್ಲಿ 1851ರಲ್ಲಿ ಸುಮಾರು 1,44,000 ಜನರಿದ್ದರು. ಇಂದು ಇರುವುದು ಸುಮಾರು 76,000. ಆಮೇಲೆ ಬಂದದ್ದು ಮೊದಲ ಮಹಾಯುದ್ಧ. ಸತ್ತ 13 ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರಲ್ಲಿ ಬಹಳಷ್ಟು ಮಂದಿ ರೈತರ ಮಕ್ಕಳು. ಪುಟ್ಟ ಹಳ್ಳಿಗಳ ಸ್ಮಾರಕದ ಕಲ್ಲಿನಲ್ಲೂ ಒಂದೇ ಮನೆತನದ ಹೆಸರುಗಳು ಸಾಲಾಗಿ ಸಿಗುತ್ತವೆ. ಉಳಿದವರ ಕೆಲಸವನ್ನು ಟ್ರ್ಯಾಕ್ಟರ್ ಕಡಿಮೆ ಮಾಡಿತು.

ಹೀಗೆ ಖಾಲಿಯಾದ ಹಳ್ಳಿಗಾಡಿಗೆ ಕೊಳ್ಳುವವರಾಗಿ ಬಂದ ಹೊರಗಿನವರಲ್ಲಿ ಮೂರನೆಯ ಲೇಖಕ ಪೀಟರ್ ಮೇಯ್ಲ್ ಒಬ್ಬ. ಜಾಹೀರಾತು ಉದ್ಯೋಗ ಬಿಟ್ಟು ಪ್ರೊವಾನ್ಸಿನ ಮೆನೆರ್ಬ್ ಬಳಿ ಹಳೆಯ ತೋಟದ ಮನೆ ಕೊಂಡ ಈತನ ‘ಎ ಇಯರ್ ಇನ್ ಪ್ರೊವಾನ್ಸ್’ 1989ರಲ್ಲಿ ಬಂತು. ಗಾರೆಯವರು ಹೇಳಿದ ದಿನಕ್ಕೆ ಬಾರದ ಫಜೀತಿ, ಊಟದ ಸಂಭ್ರಮ, ಚಳಿಗಾಳಿಯ ಹೊಡೆತ ಎಲ್ಲವೂ ಇರುವ ನಗೆಬರಹ. ಅದು ಎಷ್ಟು ಓದಿಸಿಕೊಂಡಿತೆಂದರೆ ಓದುಗರು ಬಾಗಿಲಿಗೇ ಬರತೊಡಗಿ, ಕಡೆಗೆ ಮೇಯ್ಲ್ ಕೆಲವು ವರ್ಷ ಅಮೆರಿಕಕ್ಕೆ ಹೋಗಿ ನೆಲೆಸಿದ.

ಈ ಲೇಖಕರು ಸುಳ್ಳು ಬರೆದರು ಎನ್ನುವುದು ನನ್ನ ವಾದವಲ್ಲ. ಮೇಯ್ಲ್‌ನಂಥವರು ದುರಸ್ತಿ ಮಾಡಿಸದಿದ್ದರೆ ಎಷ್ಟೋ ಮನೆಗಳು ಕುಸಿದೇಹೋಗುತ್ತಿದ್ದವು. ಆದರೆ ನಾವು ಪ್ರಕೃತಿಸೌಂದರ್ಯವೆಂದು ಓದಿಕೊಳ್ಳುವ ಆ ನಿಶ್ಶಬ್ದದಲ್ಲಿ ಊರು ಬಿಟ್ಟುಹೋದವರ ಚರಿತ್ರೆಯಿದೆ. ಅದನ್ನು ಕೇಳಬೇಕೆಂದರೆ ಒಳಗಿನವರನ್ನೂ ಓದಬೇಕು. ಯಂಗ್‌ನ ಜೊತೆ ಗುಡ್ಡ ಹತ್ತಿದ ಹೆಂಗಸಿನ ಹೆಸರು ಅವನ ಪುಸ್ತಕದಲ್ಲಿಲ್ಲ. ಆದರೆ ಅದೇ ವರ್ಷ ಸಾವಿರಾರು ಹಳ್ಳಿಗಳು ರಾಜನಿಗೆಂದು ಬರೆಸಿದ ಅಹವಾಲು ಪಟ್ಟಿಗಳು ಉಳಿದಿವೆ. 1904ರಲ್ಲಿ ಎಮಿಲ್ ಗಿಯೋಮಾಂ ಎಂಬ ರೈತ ಒಬ್ಬ ಗೇಣಿದಾರನ ಬದುಕನ್ನು ಕಾದಂಬರಿಯಾಗಿ ಬರೆದ. ಬರೆದ ಮೇಲೂ ತನ್ನೂರಿನಲ್ಲೇ ಉತ್ತು ಬಿತ್ತು ಬಾಳಿದ.