ವಾಹನಪ್ರಾಣಿಯ ಒಡೆತನ: ಅಶ್ವಶಾಲೆ ಮತ್ತು ಅಣುವ್ರತ

ಶಾಲಿಹೋತ್ರನ ಹೆಸರಿನಲ್ಲಿ ಬೆಳೆದುಬಂದ ಅಶ್ವಶಾಸ್ತ್ರಪರಂಪರೆ ವಿಪುಲವಾದುದು. ಕನ್ನಡದಲ್ಲಿಯೂ ಸುಮಾರು 1400ರ ಅಭಿನವಚಂದ್ರನ ಅಶ್ವಶಾಸ್ತ್ರವುಂಟು. ಇಂತಹ ಗ್ರಂಥಗಳನ್ನು ಲಕ್ಷಣ, ಚಿಕಿತ್ಸೆಗಳಿಗಾಗಿ ಓದುವುದು ವಾಡಿಕೆ. ಆದರೆ ಕುದುರೆಯನ್ನು ಇಟ್ಟುಕೊಂಡವನ ಹೊಣೆ ಏನು, ಅವನ ಅಲಕ್ಷ್ಯವು ಯಾವ ಬಗೆಯ ದೋಷ ಎಂಬುದನ್ನು ತಿಳಿಯಲು ಬೇರೆ ಎರಡು ಆಕರಗಳನ್ನು ಜೊತೆಯಲ್ಲಿಟ್ಟು ನೋಡುವುದು ಉಚಿತ.

ಮೊದಲನೆಯದು, ಮೈಸೂರಿನ ಪ್ರಾಚ್ಯಗ್ರಂಥಾಲಯಕ್ಕೆ ದೊರೆತ ಓಲೆಪ್ರತಿಯ ಆಧಾರದಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರ. ಅದರ ಎರಡನೆಯ ಅಧಿಕರಣದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಪ್ರತಿಯೊಂದು ಕುದುರೆಯ ಕುಲ, ವಯಸ್ಸು, ಬಣ್ಣ, ಚಿಹ್ನೆಗಳನ್ನು ಬರೆದಿಡಬೇಕೆಂದಿದೆ. ಲಾಯದ ನೆಲಕ್ಕೆ ನುಣುಪಾದ ಹಲಗೆ ಹಾಸಿರಬೇಕು, ಮಲಮೂತ್ರ ಹೊರಹೋಗಲು ದಾರಿಯಿರಬೇಕು. ಚಿಕಿತ್ಸೆಯಲ್ಲಿ ಅಲಕ್ಷ್ಯಮಾಡಿ ರೋಗ ಹೆಚ್ಚಿದರೆ ಚಿಕಿತ್ಸೆಯ ವೆಚ್ಚದ ಇಮ್ಮಡಿ ದಂಡ. ಆ ತಪ್ಪಿನಿಂದ ಪ್ರಾಣಿಯೇ ಕೆಟ್ಟರೆ ಅದರ ಬೆಲೆಯೇ ದಂಡ. ಯುದ್ಧ, ವ್ಯಾಧಿ, ಮುಪ್ಪುಗಳಿಂದ ಸೊರಗಿದ ಕುದುರೆಗೂ ಆಹಾರ ತಪ್ಪಕೂಡದೆಂಬ ವಿಧಿ ಮೆಚ್ಚತಕ್ಕದ್ದು. ಆದರೂ ಇಲ್ಲಿ ದಂಡ ತೆರುವವರು ಸೇವಕರೂ ವೈದ್ಯರೂ ಆಗಿದ್ದಾರೆಯೇ ಹೊರತು ಒಡೆಯನಲ್ಲ. ಒಡೆಯನಾದ ಅರಸನಿಗೆ ಆಗುವುದು ನಷ್ಟ ಮಾತ್ರ.

ಒಡೆಯನನ್ನೇ ಹೊಣೆಗಾರನನ್ನಾಗಿ ಮಾಡಿದುದು ಶ್ರಾವಕಾಚಾರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳೊಳಗೆ ಅತಿಭಾರಾರೋಪಣ, ಅನ್ನಪಾನನಿರೋಧಗಳು ಸೇರಿವೆ. ಹೊಡೆಯದೆ, ಕೊಲ್ಲದೆ, ಸುಮ್ಮನೆ ಹಸಿವು ನೀರಡಿಕೆಗಳಲ್ಲಿ ಬಿಟ್ಟರೂ ವ್ರತಕ್ಕೆ ಕಳಂಕವೇ. ಇದು ಪಂಡಿತರಿಗೆಲ್ಲ ಸುವಿದಿತ. ಅಷ್ಟಾಗಿ ಚರ್ಚೆಗೆ ಬಾರದಿರುವುದು ಪರಿಗ್ರಹಪರಿಮಾಣವ್ರತದ ವಿಚಾರ. ಸೂತ್ರಕಾರರು ಅಲ್ಲಿ ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ ಮೊದಲಾದವುಗಳ ಪ್ರಮಾಣವನ್ನು ಮೀರುವುದನ್ನೇ ಅತಿಚಾರವೆಂದರು. ಧನವೆಂದರೆ ಗೋವು ಮೊದಲಾದವು ಎಂದು ಪೂಜ್ಯಪಾದರ ಸರ್ವಾರ್ಥಸಿದ್ಧಿ ಬಿಡಿಸಿ ಹೇಳುತ್ತದೆ. ಸಮಂತಭದ್ರರ ರತ್ನಕರಂಡಕವಾದರೋ ಈ ಪಟ್ಟಿಯನ್ನು ಬಿಟ್ಟು ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ ಎಂಬ ಬೇರೆ ಐದನ್ನು ಹೇಳುತ್ತದೆ. ಪ್ರಾಣಿಯು ಸುಖವಾಗಿ ನಡೆಯಬಲ್ಲ ದಾರಿಗಿಂತ ಹೆಚ್ಚು ದೂರ ಅದನ್ನು ನಡೆಸುವುದೇ ಅತಿವಾಹನವೆಂದು ಟೀಕಾಕಾರ ಪ್ರಭಾಚಂದ್ರರ ವಿವರಣೆ.

ಈ ವ್ಯತ್ಯಾಸ ಅಲ್ಪವಾದುದಲ್ಲ. ಮೂರು ಕುದುರೆಗಳೆಂದು ಪರಿಮಾಣ ಮಾಡಿಕೊಂಡ ಶ್ರಾವಕನು ನಾಲ್ಕನೆಯದನ್ನು ಕೊಳ್ಳದೆ, ಆ ಮೂರರಿಂದಲೇ ಆರರ ದುಡಿಮೆಯನ್ನು ತೆಗೆದನೆನ್ನೋಣ. ಸಂಖ್ಯೆಯ ಲೆಕ್ಕದಲ್ಲಿ ಅವನ ವ್ರತ ನಿರ್ದೋಷ. ಸಮಂತಭದ್ರರ ಲೆಕ್ಕದಲ್ಲಿ ಅವನ ಲೋಭವು ಲಾಯದಿಂದ ಹೊರಟು ಕುದುರೆಯ ಬೆನ್ನನ್ನೇರಿದೆ, ಅಷ್ಟೆ. ಅತಿಭಾರವು ಅಹಿಂಸೆಯಲ್ಲಿಯೂ ಅಪರಿಗ್ರಹದಲ್ಲಿಯೂ ಎರಡು ಬಾರಿ ಬಂದಿರುವುದನ್ನು ಪುನರುಕ್ತಿಯೆಂದು ತಳ್ಳಿಹಾಕುವುದು ನನಗೆ ಸಮ್ಮತವಲ್ಲ. ಮೊದಲಿನದು ಪ್ರಾಣಿಯ ನೋವನ್ನು ನೋಡುತ್ತದೆ, ಎರಡನೆಯದು ಒಡೆಯನ ಆಸೆಯನ್ನು. ಟೀಕೆಯ ಉದಾಹರಣೆ ಎತ್ತಿನದು, ನಿಜ. ಆದರೆ ಅಲ್ಲಿಯ ಪದ ‘ಬಲೀವರ್ದಾದಿ’. ಆ ‘ಆದಿ’ಯೊಳಗೆ ಕುದುರೆ ಸೇರದೆಂದು ವಾದಿಸಲು ಆಧಾರ ಕಾಣದು.